ನೀಲಿ ಪಟ್ಟಿಯ ರೆಕಾರ್ಡ್

1981ರ ಆಗಸ್ಟ್ 22, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬ್ರಾಂಕ್ಸ್‌ನ ಶಾಲೆಯೊಂದರ ಹಿಂದಿನ ಸಿಮೆಂಟು ಅಂಗಳದಲ್ಲಿ ಇನ್ನೂರು ಜನ ಕುಣಿಯುತ್ತಿದ್ದರು. ಮರುನಿಮಿಷಕ್ಕೆ ಕುಣಿತ ನಿಂತಿತು. ಆಲ್ಸ್ಟನ್ ಪ್ರೂಯಿಟ್ ಕೈಗಡಿಯಾರ ನೋಡಿಕೊಂಡು ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಕರೆಂಟು ಹೋಗಿರಲಿಲ್ಲ, ಪೊಲೀಸರು ಬಂದಿರಲಿಲ್ಲ, ಹಾಡು ಮುಗಿದಿರಲಿಲ್ಲ. ರೂಡಿ ರೆಕಾರ್ಡಿನ ಮೇಲೆ ಕೈ ಇಟ್ಟಿದ್ದ, ಅಷ್ಟೇ.

ಕುಣಿಯುತ್ತಿದ್ದವರು ಬೆವರು ಒರೆಸಿಕೊಳ್ಳುತ್ತ ಮೇಜಿನ ಸುತ್ತ ನೆರೆದು ಕತ್ತು ಚಾಚಿದರು. ರೂಡಿಯ ಎಡಗೈ ತಿರುಗುತ್ತಿದ್ದ ರೆಕಾರ್ಡನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕುತ್ತಿತ್ತು. ಬಲಗೈ ಸದ್ದಿನ ಗುಂಡಿಯನ್ನು ಅತ್ತಿತ್ತ ಸರಿಸುತ್ತಿತ್ತು. ಡ್ರಮ್ಮಿನ ಒಂದು ಪೆಟ್ಟು ತುಂಡಾಗಿ, ತಿರುಚಿಕೊಂಡು, ಗೊಗ್ಗರು ದನಿಯಲ್ಲಿ ಮಾತಾಡಿದಂತೆ ಹೊರಬರುತ್ತಿತ್ತು. ಮುಂದಿನ ಸಾಲಿನವರು ಕೇಕೆ ಹಾಕಿದರು. ಹಿಂದಿನವರು ಏನೂ ಕಾಣದೆ ಸುಮ್ಮನೆ ನಿಂತರು.

ಆಲ್ಸ್ಟನ್‌ಗೆ ಮೂವತ್ತನಾಲ್ಕು ವರ್ಷ. ಎರಡು ವರ್ಷ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಈಗ ಟೀವಿ, ರೆಕಾರ್ಡ್ ಪ್ಲೇಯರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಈ ಅಂಗಳದ ಶನಿವಾರಗಳನ್ನು ಶುರುಮಾಡಿದವನು ಅವನೇ. ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿದವನು ಅವನೇ, ಬೀದಿ ದೀಪದ ಕಂಬದಿಂದ ಕರೆಂಟು ಎಳೆದವನೂ ಅವನೇ. ಇಪ್ಪತ್ತೊಂದರ ರೂಡಿ ವಿಯಾಫಾನ್ಯೆ ಅವನ ಜೊತೆ ಸೇರಿದ್ದು ಹೋದ ವರ್ಷದ ಮಾರ್ಚಿನಲ್ಲಿ. ಅಂದಿನಿಂದ ಇಬ್ಬರದೂ ಒಂದೇ ಜಗಳ.

ರೂಡಿ ಮುಂದಿನ ಹಾಡು ಹಚ್ಚಿದ. ಜನ ಮತ್ತೆ ಕುಣಿಯತೊಡಗಿದ ಮೇಲೆ ಆಲ್ಸ್ಟನ್ ಅವನ ಕಿವಿಯ ಹತ್ತಿರ ಬಾಗಿದ.

"ಕುಣಿಯೋಕೆ ಬಂದವ್ರು ಕುಣಿಯೋದು ಬಿಟ್ಟು ಗುಂಪು ಕಟ್ಕೊಂಡು ನೋಡ್ತಿದ್ರೆ, ಅದು ಪಾರ್ಟಿ ಅಲ್ಲ ಮಾರಾಯ, ಆಕ್ಸಿಡೆಂಟು."

"ಹೊಟ್ಟೆಕಿಚ್ಚು ಪಡ್ಬೇಡ ಅಣ್ಣಾ. ನಿನ್ನನ್ನ ಯಾವತ್ತಾದ್ರೂ ಹಂಗೆ ನೋಡಿದಾರಾ?"

"ನನ್ನನ್ನ ಯಾಕೆ ನೋಡ್ಬೇಕು? ನಾನೇನು ಕೋತಿನಾ? ಆ ಡ್ರಮ್ ಬಾರಿಸಿದವನು ಒಬ್ಬ ಇದಾನಲ್ಲ, ಅವನು ಬಾರಿಸಿದ್ದನ್ನ ಬಾರಿಸಿದ ಹಾಗೇ ಜನಕ್ಕೆ ಮುಟ್ಟಿಸೋದು ನಮ್ಮ ಕೆಲ್ಸ. ನೀನು ಅದನ್ನ ಕೆರೀತೀಯ. ತುರಿಕೆ ಇದ್ರೆ ಮುಲಾಮು ಹಚ್ಕೋ."

"ರೇಡಿಯೋನೂ ಬಾರಿಸಿದ್ದನ್ನ ಬಾರಿಸಿದ ಹಾಗೇ ಮುಟ್ಸತ್ತೆ. ಅದನ್ನೇ ತಂದು ಮೇಜಿನ ಮೇಲಿಡು, ನಾವಿಬ್ರೂ ಮನೆಗೆ ಹೋಗಿ ಮಲಗೋಣ," ಎಂದು ರೂಡಿ ನಕ್ಕ. "ಅದಿರ್ಲಿ, ಯಾರು ಬಾರಿಸಿದ್ದು ಇದನ್ನ? ಹೆಸರು ಹೇಳು, ನಾನೇ ಹೋಗಿ ಅವನ ಕಾಲಿಗೆ ಬೀಳ್ತೀನಿ."

"ಅದು ಗುಟ್ಟು. ನಿಂಗೂ ಹೇಳಲ್ಲ."

ನಿಜ ಹೇಳಬೇಕೆಂದರೆ ಆಲ್ಸ್ಟನ್‌ಗೂ ಅದು ನೆನಪಿರಲಿಲ್ಲ. ಆ ರೆಕಾರ್ಡಿನ ನಡುವೆ, ಹೆಸರಿರಬೇಕಾದ ಜಾಗದಲ್ಲಿ, ಬರಿಯ ಕಪ್ಪು ಪ್ಲಾಸ್ಟಿಕ್ಕು. ಅದರ ಮೇಲೆ ಬೆರಳಗಲದ ನೀಲಿ ಟೇಪು. ಬೇರೆ ತಂಡದವರು ಮೇಜಿನ ಹತ್ತಿರ ಸುಳಿದಾಡಿ ಹಾಡಿನ ಹೆಸರು ಓದಿಕೊಂಡು ಮರುವಾರ ಅದನ್ನೇ ಹಚ್ಚುತ್ತಿದ್ದ ಕಾಲ ಅದು. ಹಾಗಾಗಿ ಒಳ್ಳೆಯ ಡ್ರಮ್ ಇರುವ ರೆಕಾರ್ಡು ಸಿಕ್ಕಿದ ಕೂಡಲೇ ಎಲ್ಲರೂ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಸ್ನಾನದ ತೊಟ್ಟಿಯಲ್ಲಿ ಬಿಸಿನೀರು ತುಂಬಿ, ಅದನ್ನು ನೆನೆಹಾಕಿ, ಲೇಬಲ್ಲನ್ನು ಉಜ್ಜಿ ತೆಗೆಯುವುದು. ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರ ರಟ್ಟಿನ ಪೆಟ್ಟಿಗೆಯಲ್ಲಿ ಆಲ್ಸ್ಟನ್‌ಗೆ ಇದು ಸಿಕ್ಕಿದ್ದು 1977ರಲ್ಲಿ. ಅಂದೇ ರಾತ್ರಿ ತೊಳೆದಿದ್ದ. ಹೆಸರನ್ನು ಬೇರೆಲ್ಲೂ ಬರೆದಿಡಲಿಲ್ಲ, ಬರೆದಿಟ್ಟರೆ ಗುಟ್ಟು ಉಳಿಯದೆಂದು. ಎರಡನೆಯ ಪ್ರತಿ ಮತ್ತೆಲ್ಲೂ ಸಿಗಲಿಲ್ಲ. ಹೆಸರೇ ಇಲ್ಲದೆ ಹುಡುಕುವುದಾದರೂ ಹೇಗೆ?

ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ ಮಾತ್ರ ತಾಳದ ನಾಲ್ಕು ಸುತ್ತು ಬರುತ್ತಿತ್ತು. ಜನಕ್ಕೆ ಬೇಕಾಗಿದ್ದದ್ದು ಅಷ್ಟೇ. ಬೇರೆಯವರು ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದಾದ ಮೇಲೊಂದು ಹಚ್ಚುತ್ತ, ಅಂಥ ತುಂಡನ್ನು ಉದ್ದಕ್ಕೆ ಎಳೆಯುತ್ತಿದ್ದರು. ಆಲ್ಸ್ಟನ್ ಬಳಿ ಒಂದೇ ಇದ್ದುದರಿಂದ, ತುಂಡು ಮುಗಿಯುತ್ತಲೇ ಪ್ಲೇಯರಿನ ಮುಳ್ಳನ್ನು ಎತ್ತಿ ಮತ್ತೆ ಅದರ ಮೊದಲ ಪೆಟ್ಟಿನ ಮೇಲೆಯೇ ಬಿಡುವುದನ್ನು ಕಲಿತಿದ್ದ. ಕೂದಲೆಳೆ ತಪ್ಪುತ್ತಿರಲಿಲ್ಲ. ಜನರ ಕಾಲಿನ ಏಟಿಗೆ ಮುಳ್ಳು ಹಾರದಿರಲೆಂದು ಅದರ ತಲೆಯ ಮೇಲೆ ಐದು ಸೆಂಟಿನ ನಾಣ್ಯವೊಂದನ್ನು ಅಂಟಿಸಿ ಕಪ್ಪು ಟೇಪು ಸುತ್ತಿದ್ದ. ಮೂರು ವರ್ಷ ಹೀಗೆ ನಡೆಸಿದ. ಆಮೇಲೆ ರೂಡಿ ಬಂದ. ಮುಳ್ಳನ್ನು ಎತ್ತಲೇ ಇಲ್ಲ. ರೆಕಾರ್ಡನ್ನೇ ಕೈಯಲ್ಲಿ ಹಿಂದಕ್ಕೆ ತಿರುಗಿಸಿದ.

"ನಾನು ನನ್ನ ಮುಳ್ಳನ್ನ ಇಟ್ರೆ ರೆಕಾರ್ಡಿಗೇ ಗೊತ್ತಾಗಲ್ಲ," ಎನ್ನುತ್ತಿದ್ದ ಆಲ್ಸ್ಟನ್. "ಮೂರು ಗ್ರಾಂ ಭಾರ. ಕಂಪನಿಯವ್ರ ಲೆಕ್ಕ. ನೀನು ಮಾಡೋದು ಬಡಗಿಯ ಉಜ್ಜುಗೊರಡಿನ ಕೆಲ್ಸ."

ಐದು ಗಂಟೆಯ ಹೊತ್ತಿಗೆ ಜನರ ನಡುವಿಂದ ಒಬ್ಬ ಮುದುಕ ದಾರಿ ಮಾಡಿಕೊಂಡು ಬಂದ. ಇಸ್ತ್ರಿಯ ಬಿಳಿ ಶರ್ಟು, ತಲೆಗೆ ಹ್ಯಾಟು. ಬಲಗೈ ಬೇರೆ ಯಾರದೋ ಸಾಮಾನಿನಂತೆ ಪಕ್ಕಕ್ಕೆ ಜೋತುಬಿದ್ದಿತ್ತು. ಎಡಗೈಯನ್ನು ಹಿಡಿದುಕೊಂಡಿದ್ದವಳು ಮಗಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಿಳಿ ಬೂಟು ಅವಳ ಕಾಲಲ್ಲಿತ್ತು.

"ಸ್ವಲ್ಪ ಮುಂಚೆ ಹಾಕಿದ್ರಲ್ಲ ಆ ಹಾಡು," ಎಂದ ಮುದುಕ. "ಅದು ನಾನು."

"ಬನ್ನಿ ಯಜಮಾನ್ರೇ, ಬನ್ನಿ," ಎಂದ ರೂಡಿ. "ವಾರಕ್ಕೊಬ್ರು ಬಂದು ಹಾಡು ನಂದು ಅಂತಾರೆ. ಹೋದ ವಾರ ಐಸ್‌ಕ್ರೀಮ್ ಗಾಡಿಯವನು ಬಂದಿದ್ದ."

ಮಗಳಿಗೆ ರೇಗಿತು. "ಲೋ ಹುಡುಗ, ನಾಲಿಗೆ ಬಿಗಿ ಹಿಡಿ. ನಮ್ಮ ಡ್ಯಾಡಿ ಹಾಲಿಸ್ ಗ್ಯಾಡ್ಸ್‌ಡನ್. ನೀನು ತೊಟ್ಟಿಲಲ್ಲಿ ಮಲಗಿದ್ದಾಗಿಂದ ಡ್ರಮ್ ಬಾರಿಸ್ದೋರು."

"ಬಿಡು ವರ್ನೆಲ್," ಎಂದ ಮುದುಕ. ಅವನು ಎಡಗೈಯನ್ನು ಮಗಳಿಂದ ಬಿಡಿಸಿಕೊಂಡು ಮೇಜಿನ ಅಂಚಿನ ಮೇಲೆ ಬೆರಳಿನಿಂದ ಬಡಿಯತೊಡಗಿದ. ಒಂದು ಕೈಯ ಪಾಲಷ್ಟೇ ಬಂತು, ಇನ್ನೊಂದು ಕೈಯ ಜಾಗ ಖಾಲಿ ಉಳಿಯುತ್ತ ಹೋಯಿತು. ಆದರೂ ಅದೇ ನಡೆ. ನಾಲ್ಕನೆಯ ಸುತ್ತಿನ ಕೊನೆಗೆ ಬಂದಾಗ ಬೆರಳು ಗಾಳಿಯಲ್ಲಿ ಒಂದಿಷ್ಟು ನಿಂತು, ಆಮೇಲೆ ಬಿತ್ತು. "ಇಲ್ಲೊಂದು ಪೆಟ್ಟು ತಡವಾಗಿ ಬೀಳತ್ತೆ. ಬೆವರಿಗೆ ಕೋಲು ಜಾರಿತ್ತು. ಇನ್ನೊಂದ್ಸಲ ಬಾರಿಸ್ತೀನಿ ಅಂದೆ, ರೆಕಾರ್ಡಿಂಗ್ ಟೇಪು ದಂಡ ಅಂದ್ರು."

ಆ ತಡವಾದ ಪೆಟ್ಟಿಗಾಗಿಯೇ ಆಲ್ಸ್ಟನ್ ರೆಕಾರ್ಡನ್ನು ಕೊಂಡದ್ದು. ಮೊದಲ ವರ್ಷಗಳಲ್ಲಿ ಅದು ಬೀಳುವ ಗಳಿಗೆಗೆ ಇಡೀ ಅಂಗಳವೇ ಒಂದು ಕ್ಷಣ ಉಸಿರು ಹಿಡಿಯುತ್ತಿತ್ತು. ಅದನ್ನು ಬೇಕೆಂದೇ ಹಾಗೆ ಬಾರಿಸಿದ್ದಾರೆಂದು ಅವನು ನಂಬಿದ್ದ.

"ರೆಕಾರ್ಡ್ ಕೊಡಪ್ಪ, ನೋಡ್ತೀನಿ," ಎಂದ ಮುದುಕ. ಕೊಟ್ಟದ್ದನ್ನು ಕಣ್ಣಿನ ಹತ್ತಿರ ಹಿಡಿದು ಆ ಕಡೆ ಈ ಕಡೆ ಮಗುಚಿದ. "ಲೇಬಲ್ ಏನಾಯ್ತು?"

ವರ್ನೆಲ್ ರೆಕಾರ್ಡಿನ ನಡುವೆ ಬೆರಳಾಡಿಸಿದಳು. "ತೊಳ್ದಿದಾರೆ ಡ್ಯಾಡಿ. ಕೊಳೆ ಬಟ್ಟೆ ತೊಳೆದ ಹಾಗೆ."

"ನನ್ನ ಹೆಸರಿತ್ತು ಅದ್ರಲ್ಲಿ," ಎಂದ ಮುದುಕ. ದನಿ ಏರಿರಲಿಲ್ಲ. "ಹಾಡಿದವಳ ಹೆಸರಿನ ಕೆಳಗೆ, ಸಣ್ಣಕ್ಷರದಲ್ಲಿ. ಡ್ರಮ್ ಹೊಡೆಯೋನ ಹೆಸರು ಯಾರೂ ಹಾಕ್ತಿರ್ಲಿಲ್ಲ. ನಂಗೆ ಕೂಲಿ ಬೇಡ, ಹೆಸರು ಹಾಕಿ ಅಂದೆ. ಹಾಕಿದ್ರು."

ವರ್ನೆಲ್ ಉಳಿದದ್ದನ್ನು ಹೇಳಿದಳು. ಅಪ್ಪ ಮೂವತ್ತು ವರ್ಷ ಬಾರಿಸಿದ್ದು ಕ್ಲಬ್ಬುಗಳಲ್ಲಿ, ಚರ್ಚುಗಳಲ್ಲಿ, ರೆಕಾರ್ಡಾದದ್ದು ಇದೊಂದೇ. ಇದ್ದ ಒಂದೇ ಪ್ರತಿಯೂ ಹಳೆಯ ಮನೆಗೆ ಬೆಂಕಿ ಬಿದ್ದಾಗ ಹೋಯಿತು. ಈ ಏಪ್ರಿಲ್‌ನಲ್ಲಿ ಲಕ್ವ ಹೊಡೆದು ಕೈ ಹೋಯಿತು. ಜುಲೈನಲ್ಲಿ ಅಪ್ಪನನ್ನು ತನ್ನ ಮನೆಗೆ ಕರೆತಂದಳು, ಅಗೋ ಆ ನಾಲ್ಕನೆಯ ಮಹಡಿಗೆ. ಮೂರು ಶನಿವಾರದಿಂದ ಅಪ್ಪ ಕಿಟಕಿಯಲ್ಲಿ ಕೂತು, ಅದು ನಾನೇ, ಅದು ನಾನೇ ಎನ್ನುತ್ತಿದ್ದಾರೆ. ತಲೆಗೂ ಏನೋ ಆಗಿದೆಯೆಂದು ಅವಳು ಹೆದರಿದ್ದಳು.

"ನೀವು ಅದನ್ನ ಕತ್ತರಿಸಿ ಕತ್ತರಿಸಿ ಹಾಕ್ತೀರಿ," ಎಂದ ಮುದುಕ. "ಅದ್ರ ಮೇಲೆ ನಂಗೆ ಕೋಪ ಇಲ್ಲ. ಒಂದ್ಸಲ ಪೂರ್ತಿ ಕೇಳಿಸ್ಬೇಕು. ಯಾರೂ ಕೈ ಹಾಕ್ಬಾರ್ದು. ಅಷ್ಟೇ."

ಆಲ್ಸ್ಟನ್ ರೂಡಿಯ ಮುಖ ನೋಡಿದ. ಒಂದೂವರೆ ವರ್ಷದ ಜಗಳಕ್ಕೆ ಸಾಕ್ಷಿ ತಾನಾಗಿಯೇ ನಡೆದುಕೊಂಡು ಬಂದಿತ್ತು.

"ನಾಳೆ ಚರ್ಚು ಮುಗಿಸ್ಕೊಂಡು ನಮ್ಮನೆಗೆ ಬನ್ನಿ ಮಿಸ್ಟರ್ ಗ್ಯಾಡ್ಸ್‌ಡನ್," ಎಂದ. "ಅಂಗಡಿಯಿಂದ ಒಳ್ಳೆ ಪ್ಲೇಯರ್ ತರ್ತೀನಿ, ಹೊಸ ಮುಳ್ಳು ಹಾಕ್ತೀನಿ. ನಿಮ್ಮನ್ನ ನೀವು ಸರಿಯಾಗಿ ಕೇಳಿಸ್ಕೊಳ್ಳಿ. ರೂಡಿ, ನೀನೂ ಬಾ. ಕೆರೀದೆ ಇದ್ರೆ ರೆಕಾರ್ಡು ಹೆಂಗಿರತ್ತೆ ಅಂತ ಕಲಿಯೋದಿದೆ ನಿಂಗೆ."

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮುದುಕ ಮಗಳೊಂದಿಗೆ ಮೂರು ಮಹಡಿ ಹತ್ತಿ ಬಂದ. ಪ್ರತಿ ಮಹಡಿಯಲ್ಲೂ ಗೋಡೆಗೆ ಒರಗಿ ನಿಂತು ಸುಧಾರಿಸಿಕೊಂಡಿದ್ದ. ಆಲ್ಸ್ಟನ್ ರೆಕಾರ್ಡನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಟ್ಟಿದ್ದ. ಅಂಗಳದ ಟರ್ನ್‌ಟೇಬಲ್ಲನ್ನು ಮೂಲೆಗೆ ಸರಿಸಿ, ಅಂಗಡಿಯಿಂದ ತಂದ ಪ್ಲೇಯರನ್ನು ಮೇಜಿನ ಮೇಲಿಟ್ಟು, ರಸಮಟ್ಟದಿಂದ ನೋಡಿ ಕಾಲುಗಳನ್ನು ಸಮ ಮಾಡಿದ್ದ. ಮಾತಿನ ಧಾಟಿಯಿಂದ ಮುದುಕ ದಕ್ಷಿಣದ ರಾಜ್ಯಗಳ ಕಡೆಯವನೆಂದು ತಿಳಿದು, ಆ ಕಡೆಯವರು ಕುಡಿಯುವ ತಣ್ಣನೆಯ ಸಿಹಿ ಚಹಾ ಮಾಡಿ ಗ್ಲಾಸಿನಲ್ಲಿಟ್ಟಿದ್ದ. ರೂಡಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ.

ಮುದುಕ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಲ್ಸ್ಟನ್ ಮುಳ್ಳನ್ನು ಇಳಿಸಿದ.

ಹಾಡಿನ ಮೊದಲು ತುತ್ತೂರಿಗಳು ಬಂದವು, ನಿನ್ನೆ ಅಚ್ಚಾದಂತೆ ಥಳಥಳಿಸುತ್ತ. ಆಮೇಲೆ ಒಬ್ಬ ಹೆಂಗಸಿನ ದನಿ, ಸ್ವಲ್ಪ ಒಡಕು, ತುಂಬ ಹತ್ತಿರ. ವರ್ನೆಲ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಲುವೀನಿಯಾ," ಎಂದ ಮುದುಕ. "ಅವಳಿಗೆ ಉಬ್ಬಸ. ನಡುವೆ ಉಸಿರು ತಗೊಳ್ಲಿ ಅಂತಾನೇ ನಾಲ್ಕು ಸುತ್ತು ನಂಗೆ ಬಿಟ್ಕೊಟ್ಟಿದ್ದು."

"ಇದ್ರಲ್ಲಿ ಹೆಂಗಸು ಹಾಡ್ತಾಳಾ?" ಎಂದ ರೂಡಿ. "ಅಣ್ಣಾ, ನಂಗೆ ಗೊತ್ತೇ ಇರ್ಲಿಲ್ಲ."

ಆಲ್ಸ್ಟನ್ ಕೂಡ ಆ ದನಿಯನ್ನು ಮರೆತಿದ್ದ. ಅವನು ಯಾವತ್ತೂ ಮುಳ್ಳನ್ನು ನೇರ ಡ್ರಮ್ಮಿನ ಮೇಲೆಯೇ ಇಳಿಸುತ್ತಿದ್ದ. ಹಾಡನ್ನು ಹಾಡಾಗಿ ಬಿಡಬೇಕೆಂದು ಹೇಳುತ್ತಲೇ ಬಂದಿದ್ದವನು ಈ ಹಾಡನ್ನು ಅಂಗಳದಲ್ಲಿ ಒಂದು ಸಲವೂ ಬಿಟ್ಟಿರಲಿಲ್ಲ.

ದನಿ ನಿಂತಿತು. ತುತ್ತೂರಿಗಳು ನಿಂತವು. ಮುದುಕ ಮುಂದಕ್ಕೆ ಬಾಗಿದ.

ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು ಕೋಣೆಯನ್ನು ತುಂಬಿತು. ಅದರ ಅಡಿಯಲ್ಲೆಲ್ಲೋ, ಪಕ್ಕದ ಕಟ್ಟಡದಲ್ಲಿ ಯಾರೋ ಬೀರು ಎಳೆದಾಡುತ್ತಿರುವಂತೆ, ಧಡ್ ಧಡ್ ಎಂದು ಏನೋ ಕೇಳಿಸಿತು. ಮುಳ್ಳು ಒಂದು ಕಡೆ ಹಾರಿತು, ಮತ್ತೆ ಕೂತಿತು. ನಾಲ್ಕನೆಯ ಸುತ್ತಿನ ಕೊನೆಯಲ್ಲಿ ಮುದುಕನ ಎಡಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಕಾದು ನಿಂತಿತು. ಬೀಳಬೇಕಾದ ಪೆಟ್ಟು ಕೇಳಿಸಲೇ ಇಲ್ಲ. ಅಷ್ಟರಲ್ಲಿ ಲುವೀನಿಯಾ ಉಸಿರು ತೆಗೆದುಕೊಂಡು ಮತ್ತೆ ಹಾಡತೊಡಗಿದ್ದಳು, ನಿರ್ಮಲವಾಗಿ.

ಅಂಗಳದ ದೊಡ್ಡ ಸ್ಪೀಕರುಗಳಲ್ಲಿ, ಜನರ ಗದ್ದಲದಲ್ಲಿ, ಉಳಿದಿದ್ದ ಆ ಧಡ್ ಧಡ್ಡೇ ಸಾಕಾಗುತ್ತಿತ್ತು. ಕೇಳುವವರ ಕಿವಿ ಹಳೆಯ ನೆನಪಿನಿಂದ ಉಳಿದದ್ದನ್ನು ತುಂಬಿಕೊಳ್ಳುತ್ತಿತ್ತು.

"ಇನ್ನೊಂದ್ಸಲ," ಎಂದ ಮುದುಕ.

ಇನ್ನೊಮ್ಮೆಯೂ ಅಷ್ಟೇ. ಆಲ್ಸ್ಟನ್ ಪ್ಲೇಯರ್ ನಿಲ್ಲಿಸಿದ. ಗ್ಲಾಸಿನಲ್ಲಿ ಐಸು ಕರಗಿ ಚಹಾ ತೆಳುವಾಗಿತ್ತು. ಯಾರೂ ಮುಟ್ಟಿರಲಿಲ್ಲ.

"ನೋಡ್ದೆಯಾ?" ಎಂದ ಆಲ್ಸ್ಟನ್ ರೂಡಿಯ ಕಡೆ ತಿರುಗಿ. "ಹೇಳ್ತಾನೇ ಇದ್ದೆ. ಎಷ್ಟು ಹೇಳ್ದೆ! ಮೂರು ನಿಮಿಷದ ಹಾಡಲ್ಲಿ ನೀನು ಕೆರೆದಿದ್ದಷ್ಟೇ ಹೋಗಿದೆ, ಉಳಿದಿದ್ದೆಲ್ಲ ಹೊಸದರ ಹಾಗಿದೆ. ಇವ್ರು ಒಂದು ಜನ್ಮ ಬಾರಿಸಿದ್ದು ನಿನ್ನ ಚಪ್ಪಾಳೆಗೋಸ್ಕರ ಹೋಯ್ತು."

ರೂಡಿಯ ಮುಖ ಬೂದಿಯಾಗಿತ್ತು. "ನಂಗೆ ಗೊತ್ತಿರ್ಲಿಲ್ಲ ಯಜಮಾನ್ರೇ," ಎಂದ. "ತಪ್ಪಾಯ್ತು. ಯಾರೋ ಒಬ್ರು ಇದಾರೆ ಅಂತ ನಾನು ಯೋಚ್ನೇನೇ ಮಾಡ್ಲಿಲ್ಲ."

ಮುದುಕ ಅವನತ್ತ ನೋಡಿದ. "ನಿನ್ನ ಆ ಕರಕರ ನಂಗೆ ಹಿಡಿಸಲ್ಲ ಮಗ. ಕೋಳಿ ಕಸ ಕೆದಕಿದ ಹಾಗಿರತ್ತೆ. ಆದ್ರೆ ಲಯ ತಪ್ಪಲ್ಲ ನೀನು. ನನ್ನ ಜೊತೆ ಕೂತು ಬಾರಿಸ್ದ ಹಾಗೇ ಬಾರಿಸ್ತೀಯ, ಅದು ಕಿಟಕಿಗೂ ಕೇಳ್ಸತ್ತೆ." ಆಮೇಲೆ ಆಲ್ಸ್ಟನ್ ಕಡೆ ತಿರುಗಿದ. "ಲೇಬಲ್ ತೊಳೆದಿದ್ದು ಇವನಾ?"

"ಅಲ್ಲ," ಎಂದ ಆಲ್ಸ್ಟನ್. "ನಾನು. ಆಗ ಎಲ್ರೂ ತೊಳೀತಿದ್ರು."

"ಇವನಿಗೆ ಬಾರಿಸ್ದೋನು ಒಬ್ಬ ಇದಾನೆ ಅಂತ ಗೊತ್ತಿರ್ಲಿಲ್ಲವಂತೆ. ನೀನು ಓದಿದ್ದೆಯಲ್ಲಪ್ಪ. ಓದಿ, ಬಿಸಿನೀರು ಕಾಯಿಸ್ದೆ."

ಆಲ್ಸ್ಟನ್ ಸರಸರನೆ ಎದ್ದು ಮೇಜಿನ ಖಾನೆಯಿಂದ ಪೆನ್ನು ತೆಗೆದ. "ಈಗ ಬರೀತೀನಿ ಮಿಸ್ಟರ್ ಗ್ಯಾಡ್ಸ್‌ಡನ್. ಈ ಟೇಪಿನ ಮೇಲೇ ಬರೀತೀನಿ ನಿಮ್ಮ ಹೆಸರು. ಅಕ್ಷರ ಹೇಳಿ."

"ಬರೆದು?"

"ಬರೆದು... ಇಟ್ಕೋತೀನಿ."

"ಶನಿವಾರ ಅದನ್ನ ಮೇಜಿನ ಮೇಲೆ ಎಲ್ರಿಗೂ ಕಾಣೋ ಹಾಗೆ ಇಡ್ತೀಯಾ?" ಎಂದು ಕೇಳಿದವಳು ವರ್ನೆಲ್. "ಮೈಕಿನಲ್ಲಿ ಹೇಳ್ತೀಯಾ, ಇದು ಹಾಲಿಸ್ ಗ್ಯಾಡ್ಸ್‌ಡನ್ ಅಂತ, ಹಾಡು ಇಂಥದ್ದು ಅಂತ?"

"ಹೇಳೋಣ ಅಣ್ಣಾ," ಎಂದ ರೂಡಿ ಬಾಗಿಲ ಬಳಿಯಿಂದ. "ನಾನೇ ಹೇಳ್ತೀನಿ."

ಆಲ್ಸ್ಟನ್ ಪೆನ್ನು ಹಿಡಿದು ನಿಂತೇ ಇದ್ದ. ಅವನ ಕಣ್ಣ ಮುಂದೆ ಬಂದದ್ದು ಮುಂದಿನ ಶನಿವಾರದ ಅಂಗಳ. ಮೇಜಿನ ಹತ್ತಿರ ಸುಳಿಯುವ ಬೇರೆ ತಂಡದವರು. ಹೆಸರು ಸಿಕ್ಕರೆ ಅವರು ಎಲ್ಲಿಂದಲಾದರೂ, ಯಾವ ಊರಿನ ಯಾವ ಹಳೆಯ ಪೆಟ್ಟಿಗೆಯಿಂದಲಾದರೂ, ಒಂದು ಒಳ್ಳೆಯ ಪ್ರತಿಯನ್ನು ಹುಡುಕಿ ತರುತ್ತಾರೆ. ಆಮೇಲೆ ಈ ನಾಲ್ಕು ಸುತ್ತು ಇನ್ನು ಅವನದಾಗಿರುವುದಿಲ್ಲ. ಹಾಗೆ ಒಂದು ಒಳ್ಳೆಯ ಪ್ರತಿ ಸಿಕ್ಕರೆ ಮುದುಕ ತನ್ನನ್ನು ತಾನು ಕೇಳಿಸಿಕೊಳ್ಳಬಹುದು ಎಂಬುದು ಅವನಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಆದರೆ ಎರಡನೆಯದಾಗಿ.

ಅವನು ಸುಮ್ಮನಿದ್ದದ್ದು ನಾಲ್ಕು ಸುತ್ತು ಮುಗಿಯುವಷ್ಟು ಹೊತ್ತು. ಅಷ್ಟು ಸಾಕಾಯಿತು.

ಮುದುಕ ನಕ್ಕ. ಹ್ಯಾಟು ತಲೆಗಿಟ್ಟುಕೊಂಡು, ಮಗಳ ತೋಳು ಹಿಡಿದು ಎದ್ದ. "ಪೆನ್ನು ಒಳಗಿಡಪ್ಪ," ಎಂದ. "ಮಸಿ ಒಣಗತ್ತೆ."

"ರೆಕಾರ್ಡಾದ್ರೂ ತಗೊಂಡು ಹೋಗಿ," ಎಂದ ಆಲ್ಸ್ಟನ್. "ನಿಮ್ದೇ ಅದು."

"ಅದ್ರಲ್ಲಿ ನಂದು ಏನಿದೆ? ಲುವೀನಿಯಾ ಇದಾಳೆ. ಇರ್ಲಿ, ಚೆನ್ನಾಗಿ ಹಾಡ್ತಾಳೆ. ಒಂದ್ಸಲ ಅವಳನ್ನಾದ್ರೂ ಪೂರ್ತಿ ಕೇಳು."

ರೂಡಿ ಮುಂದೆ ಬಂದು ಮುದುಕನ ಬಲಗಡೆಯ ತೋಳಿಗೆ ಆಸರೆಯಾದ. ಬಾಗಿಲಲ್ಲಿ ಒಮ್ಮೆ ತಿರುಗಿದ. "ಮುಂದಿನ ವಾರ ಬೇರೆ ಯಾರನ್ನಾದ್ರೂ ನೋಡ್ಕೋ ಅಣ್ಣಾ. ಇಲ್ಲಾಂದ್ರೆ ರೇಡಿಯೋ ಇಟ್ಕೋ." ಮೂವರೂ ಇಳಿಯುವ ಸದ್ದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೇಳುತ್ತಿತ್ತು, ನಡುನಡುವೆ ನಿಂತು, ಮತ್ತೆ ಶುರುವಾಗುತ್ತ.

ಆಲ್ಸ್ಟನ್‌ಗೆ ಆಗಲೂ ಒಂದು ಆಸರೆ ಉಳಿದಿತ್ತು. ಹೆಸರನ್ನು ತೊಳೆದದ್ದು ತಾನೇ ಇರಬಹುದು. ಸದ್ದನ್ನು ಸವೆಸಿದ್ದು ತಾನಲ್ಲ. ಅಂಗಡಿಯಿಂದ ಮುಳ್ಳುಗಳನ್ನು ಪರೀಕ್ಷಿಸಲು ತಂದ ಪುಟ್ಟ ಸೂಕ್ಷ್ಮದರ್ಶಕ ಚೀಲದಲ್ಲೇ ಇತ್ತು. ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಡ್ರಮ್ ಇರುವ ಕಡೆ ಮುಳ್ಳು ಓಡುವ ಜಾಡುಗಳನ್ನು ಮಸೂರದ ಕೆಳಗೆ ತಂದ.

ಬೂದು ಪಟ್ಟಿ ಕಂಡಿತು. ಜಾಡಿನ ಎರಡೂ ಗೋಡೆಗಳು ಒಂದೇ ಸಮನೆ ನುಣುಪಾಗಿದ್ದವು. ಹಿಂದೆ ಮುಂದೆ ಉಜ್ಜಿದ್ದರ ಗುರುತು. ಇದು ರೂಡಿಯದು. ಅವನಿಗೆ ಒಂದು ಬಗೆಯ ಸಮಾಧಾನವಾಯಿತು. ರೆಕಾರ್ಡನ್ನು ಇನ್ನಷ್ಟು ಸರಿಸಿದ.

ತುಂಡಿನ ಮೊದಲ ಪೆಟ್ಟಿನ ಜಾಗದಲ್ಲಿ ಜಾಡೇ ಇರಲಿಲ್ಲ. ಅಲ್ಲಿದ್ದದ್ದು ಹಳ್ಳಗಳು. ಒಂದರ ಮೇಲೊಂದು, ಒಂದರ ಅಂಚನ್ನು ಇನ್ನೊಂದು ಮುರಿದು, ಗೋಡೆಗಳನ್ನು ಕೆಡವಿ ಹಾಕಿದ್ದವು. ಮೇಲಿನಿಂದ ಬಿದ್ದ ಮುಳ್ಳಲ್ಲದೆ ಬೇರೆ ಯಾವುದೂ ಅಂಥ ಹಳ್ಳ ಮಾಡುವುದಿಲ್ಲ. ಅಲ್ಲಿಂದ ಮುಂದೆ ನಾಲ್ಕು ಸುತ್ತಿನುದ್ದಕ್ಕೂ, ಬೂದು ಪಟ್ಟಿಯ ಅಡಿಯಲ್ಲಿ, ಜಾಡಿನ ತಳ ಸೀಳಿಹೋಗಿತ್ತು. ಉಜ್ಜಿದ್ದು ಮೇಲುಮೇಲೆ, ಸೀಳಿದ್ದು ಅದಕ್ಕೂ ಮೊದಲು. ರೂಡಿ ಯಾವತ್ತೂ ಮುಳ್ಳನ್ನು ಎತ್ತಿ ಬಿಟ್ಟವನಲ್ಲ. ಆ ಜಾಗಕ್ಕೆ ಕೂದಲೆಳೆ ತಪ್ಪದಂತೆ, ಮೂರು ವರ್ಷ, ಮುಳ್ಳು ಬಿಡಬಲ್ಲವನಾಗಿದ್ದ ಮನುಷ್ಯ ಇಡೀ ಬ್ರಾಂಕ್ಸ್‌ನಲ್ಲಿ ಒಬ್ಬನೇ.

ಆಲ್ಸ್ಟನ್ ಮೂಲೆಯಲ್ಲಿದ್ದ ಅಂಗಳದ ಟರ್ನ್‌ಟೇಬಲ್ಲನ್ನು ಎತ್ತಿ ತಂದು ಮೇಜಿನ ಮೇಲಿಟ್ಟ. ಮುಳ್ಳಿನ ಭಾರ ಅಳೆಯುವ ತಕ್ಕಡಿಯನ್ನು ಅದರ ತಟ್ಟೆಯ ಮೇಲೆ ಕೂರಿಸಿದ. ಗಿರಾಕಿಗಳ ಯಂತ್ರಗಳಿಗೆ ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ಕೆಲಸ. ತನ್ನದಕ್ಕೆ ಮಾಡಿದ್ದು ಕೊಂಡ ದಿನ ಮಾತ್ರ, ನಾಣ್ಯ ಅಂಟಿಸುವ ಮೊದಲು. ಆಗ ತೋರಿಸಿದ್ದು ಮೂರು ಗ್ರಾಂ. ತೋಳನ್ನು ಮೆಲ್ಲಗೆ ಇಳಿಸಿದ. ಕಪ್ಪು ಟೇಪಿನಡಿಯ ನಾಣ್ಯದೊಂದಿಗೆ ಮುಳ್ಳು ತಕ್ಕಡಿಯ ಮೇಲೆ ಕೂತಿತು. ತಕ್ಕಡಿಯ ಕಡ್ಡಿ ಸ್ವಲ್ಪ ತೂಗಾಡಿ ನಿಂತಿತು.

8.2 ಗ್ರಾಂ.